ಸೀಟು ನಂದು, ಸೀಟಿ ನಿಮ್ದು

ಆ ಶನಿವಾರ ಗಾಡಿ ಚಾಲೂ ಮಾಡುವ ಪಾಳಿ ಖಾಜಾ ಭಾಯಿಯದು. ರಾಯಚೂರಿನ ನಮ್ಮ ಓಣಿಯಲ್ಲಿ ಅವರದು ಎದುರು ಮನೆ, ಮಾರ್ಕೆಟ್ಟಿನಲ್ಲಿ ಬಾಳೆಹಣ್ಣಿನ ವ್ಯಾಪಾರ. ಮುಂಜಾನೆ ಬಂದವರು ಬಾಗಿಲ ಪಕ್ಕದ ಗೂಟದಿಂದ ಕೀಲಿಕೈ ತಾವೇ ತೆಗೆದುಕೊಂಡು, ಬದನೆಕಾಯಿ ಬಣ್ಣದ ನಮ್ಮ ಸಣ್ಣ ಕಾರಿನೊಳಗೆ ಅರ್ಧ ಮೈ ತೂರಿಸಿದರು. ಅವರದು ದೊಡ್ಡ ಮೈ. ಡ್ರೈವರ್ ಸೀಟು ಸ್ಟೇರಿಂಗಿಗೆ ಅಂಟಿಕೊಂಡಂತೆ ಮುಂದಿತ್ತು. ಹೊಟ್ಟೆ ಒಳಗೆಳೆದುಕೊಂಡು, ಒಂದು ಕಾಲು ಹೊರಗೇ ಬಿಟ್ಟು ಕೀಲಿಕೈ ತಿರುವಿದರು. ಗಾಡಿ ಒಮ್ಮೆ ಕೆಮ್ಮಿ ಶುರುವಾಯಿತು.

"ಸೀಟ್ ಹಿಂದಕ್ಕ ಸರಿಸಿ ಕುಂದರ್ರಿ ಭಾಯಿ," ಎಂದೆ. ಪ್ರತಿ ಸಲವೂ ಅನ್ನುತ್ತಿದ್ದೆ.

"ತೋಬಾ ತೋಬಾ! ಅದು ಸಿಸ್ಟರಮ್ಮನ ಜಾಗಾ. ತಪ್ಪು ನನ್ನ ಹೊಟ್ಟೀದು, ಸೀಟಿಂದಲ್ಲ. ನೀವು ಚಾ ಇಡ್ರಿ ಕಂಡಕ್ಟರ್ ಸಾಬ್."

ಚಹಾ ಕುಡಿದು, ಹೇಗೋ ಎರಡೂ ಕಾಲು ಒಳಗೆ ತುರುಕಿಕೊಂಡು, ಗಾಡಿಯನ್ನು ಸ್ಟೇಷನ್ ರಸ್ತೆಯವರೆಗೆ ಒಂದು ಸುತ್ತು ತಿರುಗಿಸಿ ತಂದು ನಿಲ್ಲಿಸಿದರು. ನಾನು ನಾಲ್ಕೂ ಬಾಗಿಲುಗಳ ಹಿಡಿಕೆ ಜಗ್ಗಿ ನೋಡಿ, ಕೀಲಿಕೈಯನ್ನು ಮತ್ತೆ ಗೂಟಕ್ಕೆ ಹಾಕಿದೆ. ಡಿಸೆಂಬರಿನ ಬಿಸಿಲು ರಾಯಚೂರಿನಲ್ಲೂ ಹಿತವಾಗಿರುತ್ತದೆ. ಕಟ್ಟೆಯ ಮೇಲೆ ಕೂತು ಪೇಪರ್ ಓದಿದೆ. ಅದೇ ಕೊನೆಯ ಮಾಮೂಲಿ ದಿನ.

ಈಗಲೂ ಮಾನ್ವಿ ರಸ್ತೆಯಲ್ಲಿ ಹೊಸ ಭತ್ತ ಒಣಗುವ ವಾಸನೆ ಬಂದರೆ ನನಗೆ ಆ ಸುಗ್ಗಿ ನೆನಪಾಗುತ್ತದೆ. ನನ್ನ ಹೆಂಡತಿ ತೀರಿಕೊಂಡ ವರ್ಷದ ಸುಗ್ಗಿ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರನಾಗಿದ್ದವನು, ಈಗ ನಿವೃತ್ತ. ರಾಯಚೂರು–ದೇವದುರ್ಗ, ರಾಯಚೂರು–ಮಾನ್ವಿ, ಈ ಎರಡು ರಸ್ತೆಗಳಲ್ಲೇ ನನ್ನ ನೌಕರಿ ಮುಗಿಯಿತು. ಓದಿದ್ದು ಹತ್ತನೆಯ ತರಗತಿ. ಹೆಂಡತಿ ಶಾಂತಾ ಸರ್ಕಾರಿ ನರ್ಸ್. ಇಬ್ಬರೂ ಕೂಲಿ ಮಾಡುವವರ ಮನೆಯಿಂದ ಬಂದವರು. ಮಗಳೊಬ್ಬಳಿದ್ದಾಳೆ, ನೌಕರಿ ಬೇರೆ ಊರಿನಲ್ಲಿ. ಆಕೆ ಮೊದಲು ನೀರಮಾನ್ವಿ ಕಡೆಯ ಹಳ್ಳಿಗಳಲ್ಲಿ, ಆಮೇಲೆ ದೇವದುರ್ಗ ತಾಲ್ಲೂಕಿನ ಮಸರಕಲ್‌ನಲ್ಲಿ ಕೆಲಸ ಮಾಡಿದಳು. ಹೆರಿಗೆ ಮಾಡಿಸುವುದು, ಕೂಸುಗಳಿಗೆ ಸೂಜಿ ಮಾಡುವುದು, ಬಾಣಂತಿಯರ ಮನೆ ಮನೆ ತಿರುಗುವುದು. ಊರವರು ಆಕೆಯ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಎಲ್ಲರಿಗೂ ಸಿಸ್ಟರಮ್ಮ.

ಮಸರಕಲ್‌ಗೆ ವರ್ಗವಾದ ಮೇಲೆ ಆಕೆ ಕಾರು ಕಲಿಯುತ್ತೇನೆ ಎಂದಳು. ಆಗಲೇ ನಲವತ್ತು ದಾಟಿತ್ತು. ಬಸ್ಸು ಇದೆಯಲ್ಲ ಎಂದು ನಾನು ಅಂದೆ. "ನಿಮ್ಮ ಬಸ್ಸು ಬರೋದ್ರಾಗ ಕೂಸು ಹುಟ್ಟಿ ಸಾಲಿಗಿ ಹೊಂಟಿರ್ತದ," ಎಂದಳು. ಕಲಿತಳು. ಬಳಸಿದ ಕಾರೊಂದನ್ನು ತಾನೇ ನೋಡಿ ಆರಿಸಿದಳು. ಬಣ್ಣ ನೋಡಿ ನಾನು ನಕ್ಕೆ. "ನಗರಿ ನಗರಿ. ಸಂತ್ಯಾಗ ಕಳದ್ರ ಲಗೂ ಸಿಗ್ತದ," ಎಂದಳು. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿರಿ ಎಂದು ಓಣಿಯವರು ಹೇಳಿದಾಗ, "ಮುಂದ ಬುದ್ಧ ಕುಂತಾನ, ಸಾಕು. ಮೆಣಸಿನಕಾಯಿ ಸಾರಿಗಿ ಇರ್ಲಿ," ಎಂದಳು. ಸಣ್ಣ ಬುದ್ಧನ ಮೂರ್ತಿಯನ್ನು ಗಾಜಿನ ಹಿಂದೆ ಅಂಟಿಸಿದ್ದಳು.

ನನಗೆ ಗಾಡಿ ಓಡಿಸಲು ಬರುವುದಿಲ್ಲ. ಜೀವನವಿಡೀ ಡ್ರೈವರನ ಬೆನ್ನು ನೋಡಿದವನಿಗೆ ಆ ಆಸೆ ಹುಟ್ಟಲೇ ಇಲ್ಲ. ಆಕೆಯ ಎಡಕ್ಕೆ ಕೂರುತ್ತಿದ್ದೆ. ಆಕೆ ಗಿಡ್ಡ. ಹಳೆಯ ಸೀರೆ ತುಂಬಿ ಹೊಲಿದ ದಿಂಬನ್ನು ಸೀಟಿನ ಮೇಲೆ ಇಟ್ಟುಕೊಂಡು ಕೂತು, ಕೆಳಗಿನ ಕಬ್ಬಿಣದ ಹಿಡಿಕೆ ಎತ್ತಿ, ಸೀಟನ್ನು ಪೂರ್ತಿ ಮುಂದಕ್ಕೆ ಎಳೆಯುವಳು. ಆಮೇಲೆ ಸ್ವಲ್ಪ ಹಿಂದಕ್ಕೆ. ಟಕ್, ಟಕ್ ಎಂದು ಕೆಳಗಿನ ಹಳಿಯ ಹಲ್ಲಿಗೆ ಸೀಟು ಕೂತ ಸದ್ದಾಗುವುದು. ಕಾಲು ಒತ್ತಿ ನೋಡಿ, ಸೆರಗು ಸಿಕ್ಕಿಸಿ, ನನ್ನ ಕಡೆ ತಿರುಗಿ ಅನ್ನುವಳು:

"ಸೀಟು ನಂದು, ಸೀಟಿ ನಿಮ್ದು. ಹೂಂ, ಊದ್ರಿ."

ಸೀಟಿ ಎಲ್ಲಿ ತರಲಿ? ಬಾಯಲ್ಲೇ "ರೈಟ್" ಎನ್ನುತ್ತಿದ್ದೆ. ಗಾಡಿ ಹೊರಡುತ್ತಿತ್ತು. ಇಳಿದ ಮೇಲೆ ಕೀಲಿ ಹಾಕುವುದು ಆಕೆ, ಸುತ್ತು ಬಂದು ನಾಲ್ಕೂ ಬಾಗಿಲು ಜಗ್ಗಿ ನೋಡುವುದು ನಾನು. "ಜಗ್ಗಿದ್ರಿ?" "ಜಗ್ಗಿದೆ." ಇಷ್ಟು ಆಡದೆ ನಾವು ಆ ಗಾಡಿಯಿಂದ ದೂರ ಹೋದದ್ದಿಲ್ಲ.

ಆ ಬೇಸಿಗೆಯಲ್ಲಿ ಆಕೆಯ ಹೊಟ್ಟೆಯೊಳಗಿನ ಕಾಯಿಲೆ ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಗೆ ಸೇರುವ ದಿನವೂ ಗಾಡಿ ಓಡಿಸಿದವಳು ಆಕೆಯೇ. ಬಿಸಿಲಿಗೆ ಗಾಡಿ ಕಾಯಬಾರದೆಂದು ಎರಡು ಸಲ ಹಿಂದೆ ಮುಂದೆ ಮಾಡಿ ಬೇವಿನ ನೆರಳಿಗೆ ನಿಲ್ಲಿಸಿದಳು. ಕೀಲಿ ಹಾಕಿ, ಕೀಲಿಕೈ ನನ್ನ ಕೈಗೆ ಕೊಟ್ಟು, "ಜಗ್ಗಿದ್ರಿ?" ಎಂದಳು. ಜಗ್ಗಿದೆ ಎಂದೆ. ಮೆಟ್ಟಿಲು ಹತ್ತಿದೆವು. ಆ ಕೀಲಿಕೈಯನ್ನು ಆಕೆ ಮತ್ತೆ ಕೇಳಲಿಲ್ಲ.

ಎಲ್ಲ ಮುಗಿದ ಮೇಲೆ ಆಸ್ಪತ್ರೆಯಿಂದ ಗಾಡಿ ತಂದವನು ಭೀಮಣ್ಣ. ನನ್ನ ಬಸ್ಸಿನ ಡ್ರೈವರ್ ಆಗಿದ್ದವನು, ನನ್ನ ಜೊತೆಯೇ ನಿವೃತ್ತನಾದವನು, ಎತ್ತರದ ಆಳು. ಮನೆಯ ಮುಂದೆ ಗಾಡಿ ಬಂದು ನಿಂತಾಗ ನೋಡುತ್ತೇನೆ, ಮೊಣಕಾಲು ಸ್ಟೇರಿಂಗಿನ ಎರಡೂ ಕಡೆ ಎದ್ದು, ಗದ್ದ ಗಾಜಿಗೆ ತಾಗುವಂತೆ ಮುದುಡಿ ಕೂತಿದ್ದಾನೆ. ಇಳಿಯಲು ಇಬ್ಬರು ಕೈ ಹಿಡಿಯಬೇಕಾಯಿತು. "ಸರಿಸಾಕ ಮನಸ ಬರ್ಲಿಲ್ಲೋ ಚಂದಪ್ಪ," ಎಂದ. ಅಷ್ಟೇ. ಅಂದಿನಿಂದ ಅದೊಂದು ಪದ್ಧತಿಯಾಯಿತು. ನಿಂತಲ್ಲೇ ನಿಂತರೆ ಬ್ಯಾಟರಿ ಸಾಯುತ್ತದೆಂದು ವಾರಕ್ಕೊಮ್ಮೆ ಭೀಮಣ್ಣನೋ ಖಾಜಾ ಭಾಯಿಯೋ ಬಂದು ಚಾಲೂ ಮಾಡುವರು. ಕೀಲಿಕೈ ಗೂಟದಲ್ಲಿರುತ್ತಿತ್ತು. ನಾನು ಒಳಗೆ ಚಹಾ ಇಡುತ್ತಿದ್ದೆ. ಆ ದಿನಗಳಲ್ಲಿ ನನ್ನ ಮನೆಗೆ ಜನ ಬರಲು ಅದೊಂದು ನೆಪವಾಗಿತ್ತು ಎಂದು ಈಗ ಅರ್ಥವಾಗುತ್ತದೆ. ಯಾರೂ ಸಮಾಧಾನ ಹೇಳಲಿಲ್ಲ. ಬ್ಯಾಟರಿ ಬಗ್ಗೆ ಮಾತಾಡಿದರು. ಅದರಿಂದಲೇ ನನಗೆ ಒಳ್ಳೆಯದಾಯಿತು.

ಮಳೆಗಾಲ ಮುಗಿಯುವಾಗ ಮನೆಯಲ್ಲಿ ಆಕೆಯ ನೆನಪಿನ ಬೌದ್ಧ ಕಾರ್ಯ, ಪುಣ್ಯಾನುಮೋದನೆ ಇಟ್ಟುಕೊಂಡೆವು. ಆಕೆ ಕೆಲಸ ಮಾಡಿದ ಊರುಗಳಿಗೆ ಹೋಗಿ ಹೇಳಿ ಬರಬೇಕೆಂದು ಭೀಮಣ್ಣನ ಜೊತೆ ಅದೇ ಗಾಡಿಯಲ್ಲಿ ಹೊರಟೆ. ಮಸರಕಲ್ ಮುಗಿಸಿ, ಇನ್ನೊಂದು ದಿನ ಕುರ್ಡಿಗೆ ಹೋಗಿ ನೀರಮಾನ್ವಿ ಕಡೆ ಹೋದೆವು. ಅಲ್ಲಿ ಹುಲಿಗೆವ್ವ ಎಂಬವಳಿದ್ದಾಳೆ, ಗದ್ದೆ ಕೆಲಸದವಳು. ಅವಳ ಮಕ್ಕಳ ಹೆರಿಗೆಯನ್ನೂ ಶಾಂತಾಳೇ ಮಾಡಿಸಿದ್ದಳು, ಮುಂದೆ ಮಸರಕಲ್‌ನಿಂದ ಇದೇ ಗಾಡಿಯಲ್ಲಿ ಬಂದು ಮಗಳ ಹೆರಿಗೆಯನ್ನೂ ಆಕೆಯೇ. ಗಾಡಿಯ ಬಣ್ಣ ನೋಡಿ ಓಡಿ ಬಂದವಳು ಒಳಗೆ ಭೀಮಣ್ಣ ಕೂತ ಪರಿ ಕಂಡು ಬಾಯಿಗೆ ಸೆರಗು ಹಿಡಿದಳು.

"ಇದ್ಯಾಕ ಯಪ್ಪಾ, ಕಪ್ಪಿ ಕುಂತಂಗ ಕುಂತೀರಿ?"

"ಸಿಸ್ಟರಮ್ಮನ ಸೀಟು ಬೇ. ಯಾರೂ ಸರಸಂಗಿಲ್ಲ," ಎಂದ ಭೀಮಣ್ಣ.

ಅವಳು ನಗುತ್ತಿದ್ದವಳು ಹಾಗೇ ಅಳತೊಡಗಿದಳು. ಆಮೇಲೆ ಕಣ್ಣೊರೆಸಿಕೊಂಡು ಕಿಟಕಿಯಲ್ಲಿ ಕೈ ಹಾಕಿ ಆ ದಿಂಬನ್ನು ಸವರಿದಳು. ಅವಳು ಪುಣ್ಯಾನುಮೋದನೆಗೂ ಬಂದಳು, ಓಣಿಯ ಹೆಂಗಸರ ಜೊತೆ ಸೇರಿ ಅಡುಗೆಯನ್ನೂ ಮಾಡಿದಳು.

ಇನ್ನು ಆ ಭಾನುವಾರ. ನಾನು ಒಳಗೆ ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದೆ. ಹೊರಗೆ ಗಾಡಿ ಶುರುವಾದ ಸದ್ದು ಕೇಳಿತು. ಖಾಜಾ ಭಾಯಿ ನಿನ್ನೆ ಮಾಡಿದ್ದಾರೆ, ಭೀಮಣ್ಣ ಇವತ್ತು ಮಾಡುತ್ತಿದ್ದಾನೆ, ಪಾಳಿ ಮರೆತಿರಬೇಕು ಎಂದುಕೊಂಡೆ. ಅಕ್ಕಿ ಬದಿಗಿಟ್ಟು ಚಹಾಕ್ಕೆ ನೀರಿಟ್ಟೆ. ಗಾಡಿ ಹೊರಟ ಸದ್ದಾಯಿತು. ಒಂದು ಸುತ್ತು ಹಾಕಿ ಬರುತ್ತಾನೆ ಎಂದು ಶುಂಠಿ ಜಜ್ಜಿದೆ. ಎರಡು ಕಪ್ಪು ಹಿಡಿದು ಕಟ್ಟೆಗೆ ಬಂದು ಕೂತೆ. ನನ್ನ ಕಪ್ಪು ಮುಗಿಯಿತು. ಅವನ ಕಪ್ಪಿನ ಮೇಲೆ ಕೆನೆ ಕಟ್ಟಿತು. ಮೇಲೆ ಒಂದು ತಟ್ಟೆ ಮುಚ್ಚಿದೆ. ಕಾರು ಕಳುವಾದ ಮನುಷ್ಯ ಕಳ್ಳನಿಗೆ ಚಹಾ ಆರಬಾರದೆಂದು ತಟ್ಟೆ ಮುಚ್ಚಿ ಕೂತದ್ದು ರಾಯಚೂರಿನಲ್ಲಿ ಬೇರೆ ಎಲ್ಲಾದರೂ ನಡೆದಿದೆಯೋ ಇಲ್ಲವೋ ತಿಳಿಯದು.

ಕೊನೆಗೆ ಭೀಮಣ್ಣನಿಗೆ ಫೋನ್ ಮಾಡಿದೆ. "ಎಲ್ಲಿದಿಯೋ? ಚಾ ಆರಾಕತ್ತದ."

"ಎಲ್ಲಿ ಇರ್ಲೋ? ಮನ್ಯಾಗದೀನಿ. ಕ್ಷೌರಾ ಮಾಡಿಸ್ಕೊಳ್ಳಾಕತ್ತೀನಿ," ಎಂದ.

ಗೂಟದ ಕಡೆ ನೋಡಿದೆ. ಬರೀ ಗೂಟವಿತ್ತು. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಒಂದು ಕಲೆ. ಆಸ್ಪತ್ರೆಯ ಮೆಟ್ಟಿಲಿಳಿದ ದಿನ ನನಗೆ ಅಳು ಬಂದಿರಲಿಲ್ಲ. ಆ ಕಲೆ ನೋಡಿ ಬಂತು.

ಖಾಜಾ ಭಾಯಿ ನನ್ನನ್ನು ಠಾಣೆಗೆ ಕರೆದುಕೊಂಡು ಹೋದರು. ದೂರು ಬರೆದುಕೊಳ್ಳುವ ಹುಡುಗ ಮೈಸೂರು ಕಡೆಯವನು, ಹೊಸದಾಗಿ ಬಂದವನು, ಮರ್ಯಾದೆಯಿಂದಲೇ ಮಾತಾಡಿದ.

"ಗಾಡಿಗಿ ಕೀಲಿ ಹಾಕಿತ್ರಿ ಸಾಹೇಬ್ರ," ಎಂದೆ.

ಅವನು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಏನ್ ಯಜಮಾನ್ರೇ, ಕೀಲೀನ ಗಾಡೀಲೇ ಹಾಕಿಟ್ಟಿದ್ರಾ?"

"ಹಂಗಲ್ರಿ ಸಾಹೇಬ್ರ," ಖಾಜಾ ಭಾಯಿ ನಡುವೆ ಬಂದರು. "ನಮ್ಮ ಕಡಿ ಕೀಲಿ ಅಂದ್ರ ನಿಮ್ಮ ಕಡಿ ಬೀಗ. ಬೀಗ ಹಾಕಿತ್ತು. ಚಾವಿ ಬಾಗಲ ಬಾಜೂ ಗೂಟಕ್ಕಿತ್ತು."

"ಹೊರಗಡೆ ಗೂಟಕ್ಕಾ?"

"ಹೂಂ ರಿ. ಎಲ್ಲಾರ ಕೈಗೆ ಸಿಗ್ಲಿ ಅಂತ."

ಹುಡುಗ ಅದನ್ನೂ ಬರೆದುಕೊಂಡ. "ಹಂಗಾದ್ರೆ ನಿಮ್ಮ ಕೀಲೀನೂ ನಮ್ಮ ಕೀಲೀನೂ ಒಂದೇ ಆಯ್ತಲ್ಲಾ," ಎಂದ. ಆ ಸಂಕಟದಲ್ಲೂ ಖಾಜಾ ಭಾಯಿಗೆ ನಗು ತಡೆಯಲಾಗಲಿಲ್ಲ. ನನಗೂ.

ಅಷ್ಟರಲ್ಲಿ ನನ್ನ ಜೇಬಿನಲ್ಲಿ ಶಾಂತಾಳ ಫೋನು ರಿಂಗಣಿಸಿತು. ಆಕೆ ಹೋದ ಮೇಲೂ ಅದನ್ನು ಚಾರ್ಜ್ ಮಾಡಿ ಜೊತೆಗಿಟ್ಟುಕೊಂಡಿದ್ದೆ. ಸುದ್ದಿ ತಿಳಿಯದ ಊರಿನಿಂದ ಯಾರಾದರೂ ಕೂಸಿನ ಜ್ವರಕ್ಕೆಂದು ಮಾಡಿದರೆ ಯಾರಾದರೊಬ್ಬರು ಎತ್ತಬೇಕಲ್ಲ. ಎತ್ತಿದೆ.

"ಯಪ್ಪಾ, ನಾ ಹುಲಿಗೆವ್ವ ರಿ. ನಮ್ಮ ಕಡಿ ಇದ್ದದ್ದು ಇದೊಂದ ನಂಬರು. ನಿಮ್ಮ ಬದನಿಕಾಯಿ ಗಾಡಿ ನಮ್ಮ ಭತ್ತದಾಗ ನಿಂತದ. ಲಗೂನ ಬರ್ರಿ."

ಖಾಜಾ ಭಾಯಿಯ ಬಾಳೆಹಣ್ಣಿನ ಟೆಂಪೊದಲ್ಲಿ ಹೊರಟೆವು. ದಾರಿಯಲ್ಲಿ ಭೀಮಣ್ಣ ಅರ್ಧ ಮುಖ ಮಾತ್ರ ಕ್ಷೌರವಾಗಿದ್ದವನು ಹತ್ತಿಕೊಂಡ. ಮಾನ್ವಿ ಕಡೆ ಕಾಲುವೆ ನೀರಿನ ಗದ್ದೆಗಳು. ಸುಗ್ಗಿಯಲ್ಲಿ ಅಲ್ಲಿಯ ಜನ ಭತ್ತವನ್ನು ಡಾಂಬರು ರಸ್ತೆಯ ಮೇಲೇ ಹರವಿ ಒಣಗಿಸುತ್ತಾರೆ. ಅರ್ಧ ರಸ್ತೆ ಭತ್ತಕ್ಕೆ, ಅರ್ಧ ಗಾಡಿಗಳಿಗೆ. ನಡುವೆ ಸಾಲಾಗಿ ಕಲ್ಲುಗಳು. ನೌಕರಿಯಲ್ಲಿದ್ದಾಗ ಆ ಕಲ್ಲುಗಳಿಂದ ಬಸ್ಸು ತಡವಾಯಿತೆಂದು ನಾನು ಎಷ್ಟು ಸಲ ಬೈದುಕೊಂಡಿದ್ದೇನೋ. ಆ ದಿನ ಪ್ರತಿ ಕಲ್ಲಿಗೂ ಕೈ ಮುಗಿಯುವಂತಾಯಿತು.

ನೀರಮಾನ್ವಿಗಿಂತ ಸ್ವಲ್ಪ ಈಚೆ ಗಾಡಿ ನಿಂತಿತ್ತು. ಮುಂದಿನ ಎರಡು ಗಾಲಿಗಳು ಭತ್ತದ ಮೇಲೆ. ಸುತ್ತ ಹೆಂಗಸರು. ಮಾನ್ವಿಯಿಂದ ಬಂದ ಪೊಲೀಸರೂ ಇದ್ದರು. ಹುಲಿಗೆವ್ವ ಬಾಗಿಲಿಗೆ ಬೆನ್ನು ಆನಿಸಿಕೊಂಡು ಕಾವಲು ನಿಂತಿದ್ದಳು, ಪೊಲೀಸರಿಗೂ ಮುಟ್ಟಲು ಬಿಟ್ಟಿರಲಿಲ್ಲವಂತೆ.

"ಕಾಲಾಗ ಭತ್ತ ತಿರುವ್ಯಾಡಾಕತ್ತಿದ್ದೆ ಯಪ್ಪಾ," ಎಂದು ಶುರು ಮಾಡಿದಳು. "ದೂರಿಂದ ಗಾಡಿ ನೋಡಿ ನೀವ ಬಂದ್ರಿ ಅನಕೊಂಡೆ. ಹತ್ರ ಬಂತು. ನೋಡ್ತೀನಿ, ಒಳಗೊಬ್ಬಾವ ಹಿಂದಕ್ಕ ಒರಗಿ, ಬೀಗರ ಮನ್ಯಾಗ ಮಂಚದ ಮ್ಯಾಲ ಕುಂತಂಗ ಕುಂತಾನ. ಸಿಸ್ಟರಮ್ಮನ ಗಾಡ್ಯಾಗ ಹಂಗ ಆರಾಮ ಯಾರು ಕುಂದರ್ತಾರ? ಕಲ್ಲಿದ್ವಲ್ಲ, ನಿಧಾನ ಮಾಡಿದ. ಅಡ್ಡ ನಿಂತೆ."

"ಯಾರು ನೀ ಅಂತ ಕೇಳಿದೇನು?" ಪೊಲೀಸರೊಬ್ಬರು ಕೇಳಿದರು.

"ಹಂಗ ಕೇಳಿದ್ರ ಏನರ ಹೇಳ್ತಾನ್ರಿ. 'ಸಿಸ್ಟರಮ್ಮ ಹ್ಯಾಂಗದಾರಪಾ' ಅಂತ ಕೇಳಿದೆ."

"ಏನಂದ?" ಎಂದೆ ನಾನು.

ಅವಳು ಪೊಲೀಸರನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಹೇಳಿದಳು. "'ಆರಾಮ ಅದಾರ, ಮನ್ಯಾಗ ಅದಾರ, ಅವ್ರ ಕಳಸ್ಯಾರ' ಅಂದ."

ಬೇಸಿಗೆಯಿಂದ ಈಚೆಗೆ ನನ್ನೆದುರು ಶಾಂತಾಳ ಬಗ್ಗೆ ಆಡಿದ ಎಲ್ಲ ಮಾತುಗಳೂ "ಇದ್ದಳು" ಎಂದೇ ಮುಗಿಯುತ್ತಿದ್ದವು. ಒಬ್ಬ ಕಳ್ಳ, ಆಕೆಯ ಮುಖವನ್ನೇ ನೋಡದವನು, ಈ ಬಿಸಿಲಲ್ಲಿ, ಈ ರಸ್ತೆಯ ಮೇಲೆ, ಆಕೆ ಆರಾಮ ಇದ್ದಾಳೆ ಎಂದಿದ್ದ. ಸುಳ್ಳೆಂದು ಗೊತ್ತಿದ್ದೂ ಕೇಳುವುದಕ್ಕೆ ಹಿತವಾಗಿತ್ತು. "ಇನ್ನೊಮ್ಮಿ ಹೇಳು," ಎಂದೆ. ಹುಲಿಗೆವ್ವ ಇನ್ನೊಮ್ಮೆ ಹೇಳಿದಳು.

ಅವನ ಆ ಮಾತು ಮುಗಿಯುತ್ತಲೇ ಅವಳು ಕೂಗು ಹಾಕಿದ್ದಳು. ಭತ್ತ ತಿರುವುತ್ತಿದ್ದ ಹೆಂಗಸರೆಲ್ಲ ಸುತ್ತುಗಟ್ಟಿದರಂತೆ. ಅವನು ಬಾಗಿಲು ತೆರೆದು ಕೊಯ್ದ ಗದ್ದೆಯಲ್ಲಿ ಬಿದ್ದು ಎದ್ದು ಓಡಿದನಂತೆ. ಕೆಲವು ದಿನಗಳ ಮೇಲೆ ಸಿಕ್ಕಿಬಿದ್ದ ಎಂದು ಠಾಣೆಯಿಂದ ತಿಳಿಸಿದರು. ನಾನು ನೋಡಲು ಹೋಗಲಿಲ್ಲ.

ಗಾಡಿಯನ್ನು ಠಾಣೆಗೆ ಒಯ್ಯಬೇಕೆಂದರು. ಭೀಮಣ್ಣ ಅಭ್ಯಾಸದಂತೆ ಮೈ ಮುದುಡಿ, ತಲೆ ತಗ್ಗಿಸಿ ಒಳಗೆ ತೂರಿದ. ಮೊಣಕಾಲು ಎಲ್ಲಿಗೂ ತಾಗಲಿಲ್ಲ. ಬೆನ್ನು ಒರಗಿತು. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಹಾಗೇ ಕೂತ.

"ಚಂದಪ್ಪ," ಎಂದ. "ಸೀಟು ಹಿಂದಕ್ಕ ಸರದದೋ."

ಹುಲಿಗೆವ್ವ ಮಂಚದ ಮಾತು ಹೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಗಾಡಿ ಸಿಕ್ಕ ಸಂತೋಷದಲ್ಲಿ ಹೊಳೆದಿರಲಿಲ್ಲ. ಬುದ್ಧ ಇದ್ದ ಜಾಗದಲ್ಲೇ ಇದ್ದ. ದಿಂಬು ಹಿಂದಿನ ಸೀಟಿನ ಕೆಳಗೆ ಬಿದ್ದಿತ್ತು. ಹುಲಿಗೆವ್ವ ಅದರ ಧೂಳು ಕೊಡವಿ ಮುಂದೆ ಬಂದಳು. "ಇಳೀರಿ ಯಣ್ಣಾ. ನಾ ಸಿಸ್ಟರಮ್ಮನಷ್ಟ ಎತ್ತರ ಅದೀನಿ. ನಾ ಕುಂದರ್ತೀನಿ, ಅಂದಾಜಿಲೆ ಸರಸ್ರಿ."

ಭತ್ತದ ಕಾಲಲ್ಲೇ ಹತ್ತಿ ಕೂತಳು. ಭೀಮಣ್ಣ ಹಿಡಿಕೆ ಎತ್ತಿ ಸೀಟನ್ನು ಮುಂದೆ ನೂಕಿದ. "ಇಷ್ಟ ಇತ್ತು," ಎಂದ. "ಇಲ್ಲಬೇ, ಸಿಸ್ಟರಮ್ಮ ನಿನಗಿಂತ ಒಂದ್ ಚೂರು ಗಿಡ್ಡ," ಎಂದಳು ಇನ್ನೊಬ್ಬಳು. "ನೀ ಇಳಿ, ನಾ ಕುಂದರ್ತೀನಿ." ಅವಳು ಕೂತಳು. ಮತ್ತೊಬ್ಬಳೂ ಕೂತಳು. "ಆಕಿ ಕಾಲು ಉದ್ದ ಇದ್ವು." "ಎಲ್ಲಿ ಉದ್ದ? ನಿನ್ನ ಕಣ್ಣು ಉದ್ದ." ನಡು ರಸ್ತೆಯಲ್ಲಿ ಅಷ್ಟು ಹೆಂಗಸರು ಒಬ್ಬೊಬ್ಬರಾಗಿ ಡ್ರೈವರ್ ಸೀಟಿನಲ್ಲಿ ಕೂತು ಇಳಿಯುವುದನ್ನು ಪೊಲೀಸರು ಸುಮ್ಮನೆ ನೋಡುತ್ತಾ ನಿಂತರು. ಅವಸರ ಮಾಡಲಿಲ್ಲ. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. "ನೀವ ಹೇಳ್ರಿ ಯಪ್ಪಾ. ಪೂರಾ ಮುಂದ ಇತ್ತೋ, ಒಂದ್ ಹಲ್ಲು ಹಿಂದಿತ್ತೋ, ಎರಡೋ?"

ಬಸ್ಸಿನ ತಲೆಗಳನ್ನು, ಸ್ಟಾಪುಗಳನ್ನು ಎಣಿಸಿಯೇ ಬದುಕಿದವನು ನಾನು. ಆ ಟಕ್ ಟಕ್ ಸದ್ದನ್ನು ದಿನಾ ಕೇಳುತ್ತಿದ್ದೆ. ಎಣಿಸಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಆಕೆ ದಿನಾ ಕೂರುತ್ತಿದ್ದಳಲ್ಲ.

ಗಾಡಿ ಕೆಲವು ದಿನ ಠಾಣೆಯ ಅಂಗಳದಲ್ಲಿದ್ದು ಮನೆಗೆ ಬಂತು. ಆಮೇಲೆ ಕಾವಲಿನ ಸಡಗರ. ಭೀಮಣ್ಣ ಸ್ಟೇರಿಂಗಿಗೆ ಅಡ್ಡ ಹಾಕುವ ಕಬ್ಬಿಣದ ಸರಳು ತಂದ. ನಿಲ್ಲಿಸಿದಾಗ ಮುಂದಿನ ಗಾಲಿಗಳನ್ನು ಗೋಡೆಯ ಕಡೆ ತಿರುಗಿಸಿ, ಗೇರಿನಲ್ಲೇ ಬಿಡಬೇಕೆಂದು ಹೇಳಿಕೊಟ್ಟ. ಖಾಜಾ ಭಾಯಿ ತಮ್ಮ ಪರಿಚಯದ ಮೆಕ್ಯಾನಿಕ್ಕಿನಿಂದ ಚೋರ್ ಸ್ವಿಚ್ ಹಾಕಿಸಿದರು. ಯಾರ ಕಣ್ಣಿಗೂ ಬೀಳದ ಗುಂಡಿ ಅದು, ಒತ್ತದಿದ್ದರೆ ಕೀಲಿಕೈ ತಿರುವಿದರೂ ಗಾಡಿ ಏಳುವುದಿಲ್ಲ. "ಯಾರಿಗೂ ಹೇಳಬ್ಯಾಡ್ರಿ ಸಾಬ್, ಸೀಕ್ರೆಟ್!" ಎಂದವರು ಅದೇ ಸಂಜೆ ಪಾಳಿಯವರಿಗೆಲ್ಲ ತಿಳಿದಿರಲಿ ಎಂದು ಇಡೀ ಓಣಿಗೆ ತೋರಿಸಿದರು. ಈಗ ಆ ಗುಂಡಿ ಎಲ್ಲಿದೆಯೆಂದು ತಿಳಿಯದವನು ನಮ್ಮ ಓಣಿಯಲ್ಲಿ ಕಳ್ಳನೇ ಆಗಿರಬೇಕು. ಕೀಲಿಕೈ ಮಾತ್ರ ಗೂಟದಲ್ಲಿಲ್ಲ. ಒಳಗಿನ ಅಲಮಾರಿಯಲ್ಲಿ ಶಾಂತಾಳ ಬಿಳಿ ಕೋಟಿನ ಜೇಬಿನಲ್ಲಿದೆ. ಬೇಕಾದವರು ಒಳಗೆ ಬಂದು, ನನ್ನನ್ನು ಕೇಳಿ, ಕೂತು, ಚಹಾ ಕುಡಿದೇ ಒಯ್ಯಬೇಕು. ಇಷ್ಟೆಲ್ಲ ಬಂದೋಬಸ್ತಿನಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ಅದೇ.

ಈ ಸುಗ್ಗಿಗೆ ಮಗಳು ಸುಜಾತಾ ಗಾಡಿ ಓಡಿಸಿದಳು. ದೇವದುರ್ಗದಲ್ಲಿ ಶಾಲೆಯ ಟೀಚರ್ ಅವಳು. ಭೀಮಣ್ಣನ ಹತ್ತಿರ ಕಲಿತಳು. ನನ್ನ ಹಾಗೆ ಎತ್ತರ. ಮೊದಲ ದಿನ ಸೀಟಿಗೆ ಕೈ ಹಾಕಲು ಹೆದರಿ ನಿಂತಿದ್ದಳು. "ಸರಿಸ್ಕೋ ಯವ್ವಾ, ಮೊದ್ಲಿನ ಜಾಗಾ ಹೆಂಗೂ ಹೋಗ್ಯದ," ಎಂದೆ. ನೀರಮಾನ್ವಿ ಕಡೆ ಹುಲಿಗೆವ್ವನನ್ನು ನೋಡಲು ಹೋದೆವು. ರಸ್ತೆಯ ಮೇಲೆ ಭತ್ತ, ಸಾಲುಗಲ್ಲು, ಅದೇ ಬಿಸಿಲು. ಹೊಸ ಅಕ್ಕಿಯ ಚೀಲವೊಂದನ್ನು ಡಿಕ್ಕಿಯಲ್ಲಿ ತಾನೇ ಇಟ್ಟು, "ಇದು ಸಿಸ್ಟರಮ್ಮಗ," ಎಂದಳು ಹುಲಿಗೆವ್ವ. ನಾನು ಡಿಕ್ಕಿ ಮುಚ್ಚಿ, ಜಗ್ಗಿ ನೋಡಿದೆ.

ಹೊರಡುವಾಗ ಸುಜಾತಾ ಹಿಡಿಕೆ ಎತ್ತಿ ಸೀಟು ಸರಿಮಾಡಿಕೊಂಡಳು. ಟಕ್ ಎಂದಿತು. ನನ್ನ ಕಡೆ ನೋಡಿ, "ಸೀಟಿ ನಿಮ್ದು ಅಪ್ಪಾ," ಎಂದಳು. ತಾಯಿಯಿಂದ ಯಾವಾಗ ಕೇಳಿಕೊಂಡಿದ್ದಳೋ.

"ರೈಟ್," ಎಂದೆ.

ಗಾಡಿ ಸಿಕ್ಕಿದೆ. ದಿಂಬು ಸಿಕ್ಕಿದೆ. ಬುದ್ಧ ಇದ್ದಲ್ಲೇ ಇದ್ದಾನೆ. ಶಾಂತಾ ಕೂರುತ್ತಿದ್ದ ಆ ಹಲ್ಲು ಯಾವುದೆಂದು ಇನ್ನೂ ಸಿಕ್ಕಿಲ್ಲ.